ಕಾಲಮಿತಿ ಸರ್ವರ್

ಬೆಂಗಳೂರಿನಲ್ಲಿ ನನ್ನ ಓರಗೆಯ ಪ್ರೋಗ್ರಾಮರುಗಳು ಆಯುಷ್ಯದ ದೊಡ್ಡ ಪಾಲನ್ನು ಎರಡು ಕಡೆ ಕಳೆದಿದ್ದಾರೆ. ಒಂದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ. ಇನ್ನೊಂದು, ಜಾವಾ ಸರ್ವರ್ ಏಳುವುದನ್ನು ಕಾಯುವುದರಲ್ಲಿ. ಮೊದಲನೆಯದಕ್ಕೆ ಕೆಳಗೆ ಕಾರು, ಮೇಲೆ ಮೆಟ್ರೊ ಓಡುವ ಡಬಲ್ ಡೆಕರ್ ಸೇತುವೆ ಬಂತು. ಪತ್ರಿಕೆಗಳಲ್ಲಿ ಫೋಟೊ ಬಂತು. ಎರಡನೆಯದನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಫೋಟೊ ಬರಲಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾವು ಬರೆದ ಜಾವಾ ಪ್ರೋಗ್ರಾಮು ತಾನಾಗಿ ಓಡುತ್ತಿರಲಿಲ್ಲ. ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಇನ್ನೊಂದು ಪ್ರೋಗ್ರಾಮಿನ ಹೊಟ್ಟೆಯೊಳಗೆ ಕೂತು ಓಡುತ್ತಿತ್ತು. ಆ ದೊಡ್ಡದರ ಹೆಸರೇ ಅಪ್ಲಿಕೇಶನ್ ಸರ್ವರ್. ಸನ್ ಮೈಕ್ರೋಸಿಸ್ಟಮ್ಸ್ 1995ರಲ್ಲಿ ಜಾವಾ ಭಾಷೆಯನ್ನು ಹೊರಗೆ ಬಿಟ್ಟಿತು. 1999ರ ಕೊನೆಗೆ ಜೆ2ಇಇ ಎಂಬ ದಪ್ಪ ನಿಯಮಾವಳಿ ಬಂತು. ಬ್ಯಾಂಕು, ವಿಮೆ, ಟೆಲಿಫೋನು ಬಿಲ್ಲು ಇಂಥ ಗಂಭೀರ ವ್ಯವಹಾರ ಮಾಡುವ ಸರ್ವರಿನಲ್ಲಿ ಏನೇನಿರಬೇಕು ಎಂಬುದನ್ನು ಅದು ಹೇಳಿತು. ಡೇಟಾಬೇಸಿನ ಸಂಪರ್ಕಗಳು ಇರಬೇಕು, ವಹಿವಾಟು ಅರ್ಧದಲ್ಲಿ ಮುರಿದರೆ ಹಿಂದಕ್ಕೆ ತಿರುಗಿಸುವ ಏರ್ಪಾಟು ಇರಬೇಕು, ಸಂದೇಶಗಳ ಸರತಿ ಇರಬೇಕು, ಕಾವಲು ಇರಬೇಕು. ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್ ಮುಂತಾದವು ಈ ನಿಯಮಾವಳಿಯನ್ನು ತಲೆಯ ಮೇಲೆ ಹೊತ್ತವು. ಮೊದಲ ಗಿರಾಕಿ ಬಾಗಿಲು ತಟ್ಟುವುದರೊಳಗೆ ಸಕಲವೂ ಸಿದ್ಧವಾಗಿರಬೇಕು ಎಂಬುದು ಆ ಕಾಲದ ಸಂಪ್ರದಾಯ. ಗಿರಾಕಿ ಆ ದಿನ ಬರುತ್ತಾನೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ.

ನಮ್ಮದು ಇವುಗಳಲ್ಲಿ ಯಾವ ಸರ್ವರ್ ಎಂದು ಹೇಳುವುದಿಲ್ಲ. ಅದು ಏಳುವುದಕ್ಕೆ ಏಳೆಂಟು ನಿಮಿಷ ಬೇಕಾಗುತ್ತಿತ್ತು ಎಂದು ಮಾತ್ರ ಹೇಳುತ್ತೇನೆ. ಇದು ಒಳ್ಳೆಯ ದಿನದ ಲೆಕ್ಕ. ಸೋಮವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಂದು ಒಟ್ಟಿಗೆ ಶುರುಮಾಡಿದರೆ ಹತ್ತು ದಾಟುವುದೂ ಇತ್ತು. ಕೋಡಿನಲ್ಲಿ ಒಂದು ಸಾಲು ಬದಲಿಸಿ ಅದು ಸರಿಯಾಯಿತೇ ಎಂದು ನೋಡಬೇಕಾದರೆ ಸರ್ವರನ್ನು ಮಲಗಿಸಿ ಮತ್ತೆ ಏಳಿಸಬೇಕು. ಎರರ್ ಮೆಸೇಜಿನ ಸ್ಪೆಲಿಂಗ್ ತಿದ್ದಿದರೂ ಅಷ್ಟೇ. ಸರ್ವರನ್ನು ಮಲಗಿಸದೆಯೇ ಹೊಸ ಕೋಡನ್ನು ಒಳಗೆ ತೂರಿಸುವ ‘ಹಾಟ್ ಡಿಪ್ಲಾಯ್’ ಎಂಬ ಉಪಾಯ ಇತ್ತು. ನಾಲ್ಕಾರು ಸಲ ತೂರಿಸಿದ ಮೇಲೆ ಪರ್ಮ್‌ಜೆನ್ ಎಂಬ ಮೆಮೊರಿಯ ಕೋಣೆ ಭರ್ತಿಯಾಗಿ ಸರ್ವರ್ ತಾನೇ ಕುಸಿಯುತ್ತಿತ್ತು. ಎಸ್ಟೋನಿಯಾ ದೇಶದ ಕಂಪನಿಯೊಂದು ಈ ಕಾಯುವಿಕೆ ತಪ್ಪಿಸುವುದಕ್ಕೆಂದೇ ಜೆರೆಬೆಲ್ ಎಂಬ ಸಾಧನ ಮಾಡಿ ಮಾರುತ್ತಿತ್ತು. ನಮ್ಮ ಮ್ಯಾನೇಜರ್ ಅದರ ಲೈಸೆನ್ಸಿನ ದರ ವಿಚಾರಿಸಿ, ಒಂದು ಕ್ಷಣ ಮನಸ್ಸಿನಲ್ಲೇ ಗುಣಾಕಾರ ಮಾಡಿ, “ಟೀನೇ ಚೀಪು ಕಣ್ರಯ್ಯಾ” ಎಂದರು.

ಹೀಗೆ ಟೀಗೆ ಅಧಿಕೃತ ಮಂಜೂರಾತಿ ಸಿಕ್ಕಿತು. ಕಚೇರಿಯ ಹಿಂದಿನ ಗಲ್ಲಿಯಲ್ಲಿ ಒಂದು ಟೀ ಅಂಗಡಿ ಇತ್ತು. ಧಾರವಾಡದ ಗೆಳೆಯನೊಬ್ಬ ಸರ್ವರಿನ ಸ್ಟಾರ್ಟ್ ಸ್ಕ್ರಿಪ್ಟ್ ಒತ್ತಿ ಕುರ್ಚಿಯಿಂದ ಏಳುತ್ತಲೇ, “ನಡೀಲೇ ತಮ್ಮಾ, ಇದು ಏಳೂದ್ರಾಗ ಚಾ ಕುಡದು, ಊರಾಗಿನ ಸುದ್ದಿ ಮುಗಿಸಿ ಬರೂಣು” ಎನ್ನುತ್ತಿದ್ದ. ಅಂಗಡಿಯವನಿಗೂ ನಮ್ಮ ಭಾಷೆ ಬರತೊಡಗಿತ್ತು. “ರೀಸ್ಟಾರ್ಟ್ ಹಾಕಿ ಬಂದ್ರಾ ಸರ್? ಹಂಗಾದ್ರೆ ಬೈಟು ಬೇಡ, ಫುಲ್ಲೇ ಕುಡೀರಿ” ಎಂದು ತಾನೇ ತೀರ್ಮಾನಿಸುತ್ತಿದ್ದ. ಮನೆ ಬಾಡಿಗೆ, ಊರಿನಲ್ಲಿ ನೋಡಿಟ್ಟ ಹುಡುಗಿ, ಅಮೆರಿಕದ ವೀಸಾ, ಅಪ್ಪನ ಬೈಪಾಸ್ ಆಪರೇಷನ್ನು, ಇವೆಲ್ಲ ನಮ್ಮ ತಂಡದಲ್ಲಿ ಚರ್ಚೆಯಾದದ್ದು ಸರ್ವರ್ ಮಲಗಿ ಏಳುವ ನಡುವಿನ ಹೊತ್ತಿನಲ್ಲಿ. ಆ ಏಳೆಂಟು ನಿಮಿಷಗಳನ್ನು ಕಂಪನಿ ಗಿರಾಕಿಗೆ ಬಿಲ್ ಮಾಡುತ್ತಿತ್ತು ಎಂಬುದು ನನಗೆ ಆಗ ಹೊಳೆದಿರಲಿಲ್ಲ. ಹೊಳೆದಿದ್ದರೂ ಟೀ ಕುಡಿಯುವುದನ್ನೇನೂ ಬಿಡುತ್ತಿರಲಿಲ್ಲ.

ಆದರೆ ಎಲ್ಲರಿಗೂ ಪ್ರತಿಸಲವೂ ಹೋಗುವ ಭಾಗ್ಯ ಇರಲಿಲ್ಲ. ಒಬ್ಬ ಇದ್ದು ನೋಡಿಕೊಳ್ಳಬೇಕು. ಎದ್ದಿತೆಂದು ಫೋನು ಮಾಡಬೇಕು, ಇಲ್ಲವೇ ಎಲ್ಲಿ ಬಿತ್ತೆಂದು ಹೇಳಬೇಕು. ತಂಡಕ್ಕೆ ಹೊಸದಾಗಿ ಸೇರಿದವನಿಗೆ ಈ ಕೆಲಸ. ನನಗೂ ಅದೇ ಸಿಕ್ಕಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳ ಲಾಗು ಮೇಲಕ್ಕೆ ಉರುಳುತ್ತಿರುತ್ತದೆ, ಎದುರು ನಾನು ಗಲ್ಲಕ್ಕೆ ಕೈ ಕೊಟ್ಟು ಕೂತಿರುತ್ತೇನೆ.

ನಾನು ಕರಾವಳಿಯವನು. ಆ ಪರದೆ ನೋಡುವಾಗೆಲ್ಲ ನನಗೆ ಗದ್ದೆಯ ಆಟವೇ ಕಣ್ಣೆದುರು ಬರುತ್ತಿತ್ತು. ಇಡೀ ರಾತ್ರಿಯ ಯಕ್ಷಗಾನದಲ್ಲಿ ಪ್ರಸಂಗ ಕೂಡಲೇ ಶುರುವಾಗುವುದಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆ ಆಗಬೇಕು, ಆಮೇಲೆ ಪೂರ್ವರಂಗ. ಕೋಡಂಗಿಗಳು ಬಂದು ಕುಣಿಯಬೇಕು, ಬಾಲಗೋಪಾಲರು ಬರಬೇಕು, ಸ್ತ್ರೀವೇಷ ಬರಬೇಕು. ಅಷ್ಟು ಹೊತ್ತಿಗೆ ಹಾಡುವವರೂ ಮುಖ್ಯ ಭಾಗವತರಲ್ಲ, ಸಂಗೀತಗಾರ ಎಂದು ಕರೆಯುವ ಕಲಿಯುವ ಹುಡುಗ. ಪ್ರೇಕ್ಷಕರು ಚುರುಮುರಿ ತಿನ್ನುತ್ತ, ಮಕ್ಕಳಿಗೆ ಹಾಸಿಗೆ ಹಾಸುತ್ತ ಇರುತ್ತಾರೆ. ಒಡ್ಡೋಲಗಕ್ಕೆ ದೊಡ್ಡ ವೇಷ ಬಂದ ಮೇಲೆ ಎಲ್ಲರೂ ನೆಟ್ಟಗೆ ಕೂರುತ್ತಾರೆ. ನಮ್ಮ ಸರ್ವರಿನದ್ದೂ ಅದೇ ಕ್ರಮ. ಮೊದಲು ಜಾವಾ ಯಂತ್ರದ ಆವೃತ್ತಿಯ ಸಾಲು. ಆಮೇಲೆ ಪೋರ್ಟುಗಳು, ಡೇಟಾಬೇಸಿನ ಕೊಳ, ಸಂದೇಶದ ಸರತಿ. ಆಮೇಲೆ ಹೈಬರ್ನೇಟ್ ಎಂಬ ಲೈಬ್ರರಿ ಬಂದು ಯಾವ ಕ್ಲಾಸಿಗೆ ಯಾವ ಟೇಬಲ್ಲು ಎಂದು ಒಂದೊಂದಾಗಿ ಹೇಳುತ್ತದೆ. ನಮ್ಮ ಗ್ರಾಹಕರ ಮಾಡ್ಯೂಲು, ಸಾಲದ ಮಾಡ್ಯೂಲು, ಬಡ್ಡಿಯ ಮಾಡ್ಯೂಲು. ಕೊನೆಗೆ ‘ಸರ್ವರ್ ಸ್ಟಾರ್ಟೆಡ್’ ಎಂಬ ಸಾಲಿನ ಒಡ್ಡೋಲಗ.

ಕೋಡಂಗಿ ವೇಷ ಕಟ್ಟುವವರು ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು. ಯಾರೂ ಗಮನವಿಟ್ಟು ನೋಡದ ಹೊತ್ತು ಅದು, ಹೆಜ್ಜೆ ತಪ್ಪಿದರೂ ನಡೆಯುತ್ತದೆ. ಹಾಗೆ ತಪ್ಪಿ ತಪ್ಪಿಯೇ ಎಷ್ಟೋ ಮಂದಿ ಕಲಾವಿದರು ಕಲಿತದ್ದು. ನಾನು ಆ ಲಾಗಿನ ಎದುರು ಕೂತು ಕಲಿತದ್ದೂ ಹಾಗೆಯೇ. ನಮ್ಮ ಸಿಸ್ಟಮ್ಮಿನ ಬಗ್ಗೆ ಯಾರೂ ನನಗೆ ಪಾಠ ಹೇಳಲಿಲ್ಲ. ಡಾಕ್ಯುಮೆಂಟು ಎಂದು ಕೊಟ್ಟ ಕಡತದಲ್ಲಿ ಬರೆದವರ ಹೆಸರು, ದಿನಾಂಕ, ಕಂಪನಿಯ ಲಾಂಛನ ಇವಿಷ್ಟು ಖಚಿತವಾಗಿದ್ದವು. ಆದರೆ ದಿನವೂ ಉರುಳುವ ಸಾಲುಗಳನ್ನು ನೋಡುತ್ತ ನೋಡುತ್ತ ಗ್ರಾಹಕರ ಮಾಡ್ಯೂಲು ಏಳದೆ ಸಾಲದ್ದು ಏಳುವುದಿಲ್ಲ ಎಂದು ತಿಳಿಯಿತು. ಬಡ್ಡಿಯದ್ದು ರಜಾದಿನಗಳ ಪಟ್ಟಿಯನ್ನು ಯಾಕೆ ಕೇಳುತ್ತದೆ ಎಂದು ತಿಳಿಯಿತು. ಎಲ್ಲಿ ತಡೆದು ನಿಂತರೆ ಡೇಟಾಬೇಸ್ ಸತ್ತಿದೆ, ಎಲ್ಲಿ ನಿಂತರೆ ಬರೀ ಆಕಳಿಸುತ್ತಿದೆ ಎಂಬುದು ಮೌನದ ಉದ್ದದಿಂದಲೇ ಗೊತ್ತಾಗತೊಡಗಿತು. ಧಾರವಾಡದವನಂತೂ ಟೀ ಅಂಗಡಿಯಲ್ಲೇ ಗಡಿಯಾರ ನೋಡಿ, “ಈಗ ಬಡ್ಡೀದು ಏಳಾಕತ್ತಿರಬೇಕು” ಎನ್ನುತ್ತಿದ್ದ. ಹೆಚ್ಚುಕಡಿಮೆ ಸರಿಯಾಗಿರುತ್ತಿತ್ತು.

ಅವನು ನ್ಯೂಜೆರ್ಸಿಗೆ ಹೋದ. ಮ್ಯಾನೇಜರ್ ನಿವೃತ್ತರಾದರು. ನಾನು ಮಧ್ಯೆ ಬೇರೆ ಕಂಪನಿಗಳನ್ನು ಸುತ್ತಿ, ಸಂಬಳ ಸ್ವಲ್ಪ ಏರಿಸಿಕೊಂಡು, ಮತ್ತೆ ಅದೇ ಸರ್ವರಿನ ಬುಡಕ್ಕೆ ಬಂದು ಕೂತೆ. ಅಷ್ಟರಲ್ಲಿ ಜಗತ್ತು ಕ್ಲೌಡು ಎಂಬ ಮೋಡಕ್ಕೆ ಏರಿತ್ತು. ಒಂದು ಕಾಲದಲ್ಲಿ ನಮ್ಮ ಸರ್ವರುಗಳಿಗೆ ತುಂಗಾ, ಶರಾವತಿ, ಅಘನಾಶಿನಿ ಎಂದೆಲ್ಲ ಹೆಸರಿಟ್ಟಿದ್ದೆವು. ಈಗ ಹೆಸರಿನ ಬದಲು ಅಕ್ಷರ ಅಂಕೆ ಬೆರೆತ ಒಂದು ಬಾಲ. ಗೂಗಲ್ 2014ರಲ್ಲಿ ಹೊರಗೆ ಬಿಟ್ಟ ಕುಬರ್ನೆಟಿಸ್ ಎಂಬ ಮೇಸ್ತ್ರಿ ಇವುಗಳನ್ನು ಬೇಕಾದಾಗ ಹುಟ್ಟಿಸುತ್ತಾನೆ, ಬೇಡವಾದಾಗ ಕೊಲ್ಲುತ್ತಾನೆ. ಅವನಲ್ಲೊಂದು ಅಭ್ಯಾಸ ಇದೆ. ಆಗಾಗ ಬಂದು “ಬದುಕಿದ್ದೀಯಾ?” ಎಂದು ಕೇಳುತ್ತಾನೆ. ಕೆಲವು ಸಲ ಕೇಳಿಯೂ ಉತ್ತರ ಬಾರದಿದ್ದರೆ ಸತ್ತಿದೆ ಎಂದು ತೀರ್ಮಾನಿಸಿ, ಅದನ್ನು ಮುಗಿಸಿ, ಹೊಸದಾಗಿ ಶುರುಮಾಡಿಸುತ್ತಾನೆ. ನಮ್ಮ ಸರ್ವರ್ ಆಗಿನ್ನೂ ಸಾಲದ ಮಾಡ್ಯೂಲಿನಲ್ಲಿರುತ್ತಿತ್ತು. ಎಲ್ಲಿಂದ ಉತ್ತರ ಕೊಡಬೇಕು? ಸತ್ತಿತು. ಮತ್ತೆ ಶುರುವಾಯಿತು, ಮತ್ತೆ ಸಾಲದ ಮಾಡ್ಯೂಲಿನ ಹತ್ತಿರ ಸತ್ತಿತು. ರಾತ್ರಿಯಿಡೀ ಹೀಗೆ ನಡೆದು, ಬೆಳಿಗ್ಗೆ ನೋಡಿದರೆ ಕೋಡಂಗಿ ಕುಣಿತ ಬಿಟ್ಟು ಬೇರೇನೂ ಆಗಿರಲಿಲ್ಲ. ಏಳುವ ಹಂತಕ್ಕೆ ಪ್ರತ್ಯೇಕ ವಿನಾಯಿತಿ ಕೊಡುವ ಸೌಲಭ್ಯವನ್ನು ಕುಬರ್ನೆಟಿಸ್ ಕೆಲವು ವರ್ಷಗಳ ನಂತರ ಸೇರಿಸಿತು. ಜಗತ್ತಿನಲ್ಲಿ ತಡವಾಗಿ ಏಳುವವರು ನಾವೊಬ್ಬರೇ ಆಗಿರಲಿಲ್ಲವೆಂದು ಇದರಿಂದ ಸಮಾಧಾನವಾಯಿತು. ಆದರೆ ಮೇಲಿನಿಂದ ಬಂದ ಆಜ್ಞೆ ವಿನಾಯಿತಿ ಕೇಳಿ ಎಂದಲ್ಲ, ಬೇಗ ಏಳಿಸಿ ಎಂದು.

ಬೇಗ ಏಳಿಸಬೇಕಾದರೆ ತಡವಾಗುವುದು ಎಲ್ಲಿ ಎಂದು ಗೊತ್ತಾಗಬೇಕು. ಅದನ್ನು ಪತ್ತೆಹಚ್ಚುವ ವಿದ್ಯೆಗೆ ಪ್ರೊಫೈಲಿಂಗ್ ಎನ್ನುತ್ತಾರೆ. ಮೊದಲು ಸಿಪಿಯು ಪ್ರೊಫೈಲ್ ತೆಗೆದೆ. ಬ್ರೆಂಡನ್ ಗ್ರೆಗ್ ಎಂಬಾತ 2011ರಲ್ಲಿ ರೂಪಿಸಿದ ಫ್ಲೇಮ್ ಗ್ರಾಫ್ ಎಂಬ ಚಿತ್ರ ಇದೆ. ಯಾರು ಯಾರನ್ನು ಕರೆದರು ಎಂಬುದು ಅದರಲ್ಲಿ ಪಟ್ಟಿಯ ಮೇಲೆ ಪಟ್ಟಿಯಾಗಿ ಕಾಣುತ್ತದೆ. ಯಾವ ಪಟ್ಟಿ ಅಗಲವೋ ಅದೇ ಹೆಚ್ಚು ಹೊತ್ತು ತಿಂದದ್ದು. ನಮ್ಮದರಲ್ಲಿ ಅಂಥ ಅಗಲದ ಪಟ್ಟಿಗಳೇ ಇಲ್ಲ! ಚಿತ್ರದ ಪ್ರಕಾರ ನಮ್ಮ ಸರ್ವರಿನಷ್ಟು ನಿರಪರಾಧಿ ಇನ್ನೊಂದಿರಲಿಲ್ಲ. ಇದರ ಗುಟ್ಟು ಸರಳ. ಸಿಪಿಯು ಪ್ರೊಫೈಲ್ ಲೆಕ್ಕ ಹಿಡಿಯುವುದು ಕೆಲಸ ಮಾಡುವವರನ್ನು. ಕೈಕಟ್ಟಿ ಕಾಯುತ್ತ ನಿಂತವರು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸರಕಾರಿ ಹಾಜರಿ ಪುಸ್ತಕ ನೋಡಿ ಕೆಲಸದ ಲೆಕ್ಕ ಹಾಕುವವರಿಗೆ ಇದರ ತಿರುಗುಮುರುಗಿನ ತೊಂದರೆ ಇರುತ್ತದೆ.

ಹಾಗಾಗಿ ಹಳೆಯ ಕ್ರಮಕ್ಕೇ ಬಂದೆ. ‘ಕಿಲ್ ಮೈನಸ್ ಮೂರು’ ಎಂಬ ಆಜ್ಞೆ ಇದೆ. ಹೆಸರು ಕೇಳಿದರೆ ಕೊಲೆ, ಆದರೆ ಜಾವಾ ಅದಕ್ಕೆ ಸಾಯುವುದಿಲ್ಲ. ನಿಂತಲ್ಲೇ ನಿಂತು, ತನ್ನೊಳಗಿನ ಪ್ರತಿಯೊಂದು ಥ್ರೆಡ್ಡು, ಅಂದರೆ ಕೆಲಸದ ಪ್ರತಿಯೊಂದು ಎಳೆ, ಆ ಗಳಿಗೆಯಲ್ಲಿ ಏನು ಮಾಡುತ್ತಿದೆ ಎಂದು ಪೂರ್ತಿ ಒಪ್ಪಿಸಿ, ಮತ್ತೆ ಕೆಲಸಕ್ಕೆ ಹೋಗುತ್ತದೆ. ಸರ್ವರ್ ಏಳುವಾಗ ಮತ್ತೆ ಮತ್ತೆ ಹೀಗೆ ಕೇಳುತ್ತ ಹೋದರೆ ಸಾಕು. ಯಾವ ಹೆಸರು ಪದೇಪದೇ ಬರುತ್ತದೋ ಅಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ದುಡ್ಡಿಲ್ಲದವರ ಪ್ರೊಫೈಲರ್ ಎಂದು ಇದನ್ನು ತಮಾಷೆ ಮಾಡುತ್ತಾರೆ. ನನಗೆ ಇದೇ ಇಷ್ಟ, ಯಾಕೆಂದರೆ ಇದರಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆದ ಸುಖ ಇದೆ. ಜಾವಾದೊಳಗೇ ಕೂತು ಎಲ್ಲವನ್ನೂ ಬರೆದಿಡುವ ಫ್ಲೈಟ್ ರೆಕಾರ್ಡರ್ 2018ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದನ್ನೂ ಬಳಸಿದೆ. ಅದು ಹೆಚ್ಚು ಹೇಳುತ್ತದೆ, ಕಡಿಮೆ ರಂಜಿಸುತ್ತದೆ.

ಮೊದಲ ಉತ್ತರವೇ ನನ್ನನ್ನು ನಗಿಸಿತು. ನಮ್ಮ ಸರ್ವರ್ ಅವ್ಯವಸ್ಥೆಗಾಗಿ ಕಾಯುತ್ತಿತ್ತು. ಒಳಬರುವ ಪ್ರತಿ ಗಿರಾಕಿಗೂ ಯಾರೂ ಊಹಿಸಲಾಗದ ಒಂದು ಗುರುತಿನ ಸಂಖ್ಯೆ ಕೊಡಬೇಕು. ಅಂಥ ಸಂಖ್ಯೆ ಹುಟ್ಟಿಸಲು ಬೀಜವಾಗಿ ನಿಜವಾದ ಯಾದೃಚ್ಛಿಕತೆ ಬೇಕು. ಲಿನಕ್ಸ್ ಅದನ್ನು ಕೀಬೋರ್ಡು ಒತ್ತುವ ಹೊತ್ತು, ಮೌಸು ಅಲುಗಾಡುವ ರೀತಿ, ಡಿಸ್ಕಿನ ಏರುಪೇರು ಇಂಥ ಕಡೆಗಳಿಂದ ಚೂರುಚೂರಾಗಿ ಕೂಡಿಸಿ ‘ಡೆವ್ ರ‍್ಯಾಂಡಮ್’ ಎಂಬಲ್ಲಿ ಇಡುತ್ತಿತ್ತು. ದಾಸ್ತಾನು ಮುಗಿದರೆ, ಮತ್ತೆ ಕೂಡುವವರೆಗೆ ಕೇಳಿದವರು ಕಾಯಬೇಕು. ಡೇಟಾ ಸೆಂಟರಿನ ಏಸಿ ಕೋಣೆಯಲ್ಲಿ, ಕೀಬೋರ್ಡಿಲ್ಲದ, ಮೌಸಿಲ್ಲದ, ಆಗಷ್ಟೇ ಹುಟ್ಟಿದ ವರ್ಚುವಲ್ ಯಂತ್ರಕ್ಕೆ ಏರುಪೇರು ಎಲ್ಲಿಂದ ಬರಬೇಕು? ಗೇಟಿನಿಂದ ನೂರು ಗಜ ಆಚೆ ಬೆಂಗಳೂರಿನ ಟ್ರಾಫಿಕ್ಕು ಇಡೀ ಜಗತ್ತಿನ ಸರ್ವರುಗಳಿಗೆ ಸಾಕಾಗುವಷ್ಟು ಅವ್ಯವಸ್ಥೆಯನ್ನು ಬಿಟ್ಟಿಯಾಗಿ ಉತ್ಪಾದಿಸುತ್ತಿದ್ದಾಗ, ಒಳಗೆ ನಮ್ಮ ಸರ್ವರ್ ಒಂದು ಹಿಡಿ ಗೊಂದಲಕ್ಕಾಗಿ ನಿಮಿಷಗಟ್ಟಲೆ ಬಾಯಿ ತೆರೆದು ನಿಂತಿತ್ತು.

ಇದಕ್ಕೆ ಪರಿಹಾರ ಬಲ್ಲವರಿಗೆಲ್ಲ ಬಾಯಿಪಾಠ. ಕಾಯಿಸದೆ ಕೊಡುವ ‘ಯು-ರ‍್ಯಾಂಡಮ್’ ಎಂಬ ಇನ್ನೊಂದು ಬಾಗಿಲು ಇದೆ, ಅಲ್ಲಿಗೆ ಹೋಗು ಎಂದು ಜಾವಾಗೆ ಹೇಳಬೇಕು. ಆದರೆ ನೆಟ್ಟಗೆ ಹೇಳಿದರೆ ಹಳೆಯ ಜಾವಾ ಕೇಳುವುದಿಲ್ಲ. ಆ ವಿಳಾಸ ಕಂಡ ಕೂಡಲೇ ತನಗೆ ಗೊತ್ತು ಎಂಬ ಗತ್ತಿನಲ್ಲಿ ಬೀಜಕ್ಕಾಗಿ ಮತ್ತೆ ಹಳೆಯ ಬಾಗಿಲಿಗೇ ಹೋಗಿ ನಿಲ್ಲುತ್ತದೆ. ವಿಳಾಸದ ನಡುವೆ ಅನವಶ್ಯಕವಾಗಿ ಒಂದು ಚುಕ್ಕೆ, ಒಂದು ಓರೆಗೆರೆ ಸೇರಿಸಿದರೆ ಗುರುತು ಸಿಗದೆ ಹೊಸ ಬಾಗಿಲಿಗೆ ಹೋಗುತ್ತದೆ. ವರ್ಷಗಟ್ಟಲೆ ಜಗತ್ತಿನಾದ್ಯಂತ ಜಾವಾದವರು ಈ ಚುಕ್ಕೆಯನ್ನು ಅರ್ಥ ಕೇಳದೆ ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡರು. 2020ರಲ್ಲಿ ಲಿನಕ್ಸ್ 5.6 ಬಂದು, ಒಮ್ಮೆ ಬೀಜ ಸಿಕ್ಕ ಮೇಲೆ ಹಳೆಯ ಬಾಗಿಲೂ ಕಾಯಿಸದಂತೆ ಮಾಡಿತು. ಚುಕ್ಕೆ ಇನ್ನೂ ಎಷ್ಟೋ ಸ್ಕ್ರಿಪ್ಟುಗಳಲ್ಲಿ ಹಾಗೇ ಉಳಿದಿದೆ. ತೆಗೆಯುವ ಧೈರ್ಯ ಯಾರಿಗೂ ಇಲ್ಲ.

ಎರಡನೆಯ ಉತ್ತರ ಸಮುದ್ರದಾಚೆಯದ್ದು. ನಮ್ಮ ಎಕ್ಸ್‌ಎಮ್‌ಎಲ್ ಕಡತಗಳ ತಲೆಯಲ್ಲಿ, ಈ ಕಡತದ ವ್ಯಾಕರಣ ಇಂಥ ಕಡೆ ಇದೆ ಎಂದು ಒಂದು ವೆಬ್ ವಿಳಾಸ ಬರೆದಿರುತ್ತದೆ. ಅದು ಸುಮ್ಮನೆ ಗುರುತಿಗೆ ಎಂದು ನಾವು ಅಂದುಕೊಂಡಿದ್ದೆವು. ಓದುವ ಪ್ರೋಗ್ರಾಮು ಹಾಗೆ ಅಂದುಕೊಂಡಿರಲಿಲ್ಲ. ಅದು ಪ್ರತಿ ಮುಂಜಾನೆ ಆ ವ್ಯಾಕರಣವನ್ನು ತರಲು ಅಮೆರಿಕಕ್ಕೆ ಹೊರಡುತ್ತಿತ್ತು. ಫೈರ್‌ವಾಲ್ ಹೊರಗೆ ಬಿಡುತ್ತಿರಲಿಲ್ಲ. ಬಿಡುವುದಿಲ್ಲ ಎಂದೂ ಹೇಳುತ್ತಿರಲಿಲ್ಲ, ಮಾತಾಡದೆ ನುಂಗುತ್ತಿತ್ತು. ಸರ್ವರ್ ಉತ್ತರ ಬರಬಹುದೆಂದು ಕಾದು ಕಾದು, ಗಡುವು ಮುಗಿದ ಮೇಲೆ ಮುಂದಿನ ಕಡತಕ್ಕೆ ಹೋಗುತ್ತಿತ್ತು, ಅದರ ತಲೆಯಲ್ಲೂ ವಿಳಾಸ. ಈ ರೋಗ ನಮ್ಮೊಬ್ಬರದ್ದಲ್ಲ. ಇಂಥ ವ್ಯಾಕರಣದ ಕಡತಗಳಿಗಾಗಿ ತಮ್ಮ ಬಾಗಿಲಿಗೆ ದಿನಕ್ಕೆ 13 ಕೋಟಿಯವರೆಗೆ ಕೋರಿಕೆಗಳು ಬರುತ್ತಿವೆ, ಒಮ್ಮೆ ತಂದದ್ದನ್ನು ದಯಮಾಡಿ ಇಟ್ಟುಕೊಳ್ಳಿ ಎಂದು ವೆಬ್‌ನ ಮಾನಕ ಸಂಸ್ಥೆಯಾದ ಡಬ್ಲ್ಯು3ಸಿ 2008ರಲ್ಲಿ ಗೋಳಾಡಿಕೊಂಡಿತ್ತು. ವರ್ಷಾನುಗಟ್ಟಲೆ ಒಂದಕ್ಷರವೂ ಬದಲಾಗದ ಕಡತಗಳವು. ಕಂಪನಿಯಲ್ಲಿ ನಮಗೆ ಯಾರಿಗೂ ವೀಸಾ ಸಿಗದಿದ್ದ ವರ್ಷಗಳಲ್ಲೂ ಸರ್ವರ್ ಛಲ ಬಿಡದೆ ದಿನಾ ಅಮೆರಿಕಕ್ಕೆ ಅರ್ಜಿ ಹಾಕುತ್ತಿತ್ತು ಎಂದು ತಿಳಿದಾಗ ನನಗೆ ಅದರ ಮೇಲೆ ಹೊಸ ಅಭಿಮಾನ ಹುಟ್ಟಿತು.

ಇನ್ನು ಕ್ಲಾಸುಗಳನ್ನು ಗಂಟು ಕಟ್ಟಿಟ್ಟ ಜಾರ್ ಕಡತಗಳ ವಿಚಾರ. 2009ರ ಸರ್ವ್‌ಲೆಟ್ 3.0 ನಿಯಮದ ನಂತರ ಕಾನ್ಫಿಗರೇಶನ್ನನ್ನು ಪ್ರತ್ಯೇಕ ಕಡತದಲ್ಲಿ ಬರೆಯಬೇಕಾಗಿಲ್ಲ, ಕ್ಲಾಸಿನ ತಲೆಯ ಮೇಲೆ ಒಂದು ಗುರುತು ಹಾಕಿದರೆ ಸರ್ವರೇ ಹುಡುಕಿಕೊಳ್ಳುತ್ತದೆ ಎಂದಾಯಿತು. ನಮಗೆ ಬರೆಯುವ ಶ್ರಮ ತಪ್ಪಿತು, ಅದಕ್ಕೆ ಹುಡುಕುವ ಶ್ರಮ ಅಂಟಿತು. ಗುರುತು ಎಲ್ಲಿದೆಯೋ ಗೊತ್ತಿಲ್ಲದ್ದರಿಂದ ಎಲ್ಲ ಜಾರುಗಳನ್ನೂ ಬಿಚ್ಚಿ ನೋಡಬೇಕು. ನೂರಾರು ಜಾರುಗಳಿದ್ದವು, ಒಂದೇ ಲೈಬ್ರರಿಯ ಮೂರು ಮೂರು ಆವೃತ್ತಿಗಳಿದ್ದವು. ಟಾಮ್‌ಕ್ಯಾಟ್ ಸರ್ವರಂತೂ ‘ಬಿಚ್ಚಿ ನೋಡಿದೆ, ಒಳಗೆ ಏನೂ ಇರಲಿಲ್ಲ, ಮುಂದೆ ಇದನ್ನು ಬಿಟ್ಟುಬಿಡಲು ಹೇಳಿದರೆ ಬೇಗ ಏಳುತ್ತೇನೆ’ ಎಂಬ ಅರ್ಥದ ಸಾಲನ್ನು ಲಾಗಿನಲ್ಲಿ ತಾನೇ ಬರೆಯುತ್ತದೆ. ಇಷ್ಟು ವಿನಯದಿಂದ ಕೇಳುವವರ ಮಾತನ್ನು ಯಾರೂ ಓದುವುದಿಲ್ಲ. ಇದರ ಮೇಲೆ ಸಾವಿರಾರು ಕ್ಲಾಸುಗಳನ್ನು ಮೆಮೊರಿಗೆ ಎಳೆಯುವ, ಪ್ರತಿಯೊಂದರ ಬೈಟ್‌ಕೋಡ್ ಸಾಚಾವೇ ಎಂದು ಪರೀಕ್ಷಿಸುವ ಕೆಲಸ. ನಿನ್ನೆ ಪರೀಕ್ಷಿಸಿದ್ದು ಇವತ್ತಿಗೆ ನೆನಪಿಲ್ಲ. ನೆನಪಿಟ್ಟುಕೊಳ್ಳುವ ಉಪಾಯ 2004ರಿಂದಲೂ ಜಾವಾದಲ್ಲಿತ್ತು, ಆದರೆ ಜಾವಾದ ಸ್ವಂತ ಕ್ಲಾಸುಗಳಿಗೆ ಮಾತ್ರ. ನಮ್ಮಂಥವರು ಬರೆದ ಕ್ಲಾಸುಗಳಿಗೂ ಆ ಮರ್ಯಾದೆ ಎಲ್ಲರಿಗೂ ಸಿಗುವಂತಾದದ್ದು 2018ರ ಜಾವಾ 10ರಲ್ಲಿ. ಹಾಕಿದೆ, ಕೆಲಸ ಮಾಡಿತು.

ಇಷ್ಟಾಗಿಯೂ ಒಂದು ಕಡೆ ನಲವತ್ತೈದು ಸೆಕೆಂಡಿನ ಮೌನ ಉಳಿದಿತ್ತು. ಕಿಲ್ ಮೈನಸ್ ಮೂರು ಕೊಟ್ಟು ಕೇಳಿದರೆ ಥ್ರೆಡ್ಡು ಸಂಕೋಚವಿಲ್ಲದೆ ಹೇಳಿತು: ಮಲಗಿದ್ದೇನೆ. ಬೇರೆಯವರಿಗಾಗಿ ಕಾಯುತ್ತಿಲ್ಲ, ಬೀಗ ಸಿಗದೆ ನಿಂತಿಲ್ಲ, ಯಾರೋ ಮಲಗು ಎಂದು ಬರೆದಿದ್ದಾರೆ, ಮಲಗಿದ್ದೇನೆ. ಕೋಡು ತೆರೆದು ನೋಡಿದೆ. ನಲವತ್ತೈದು ಸೆಕೆಂಡು ನಿದ್ದೆ, ಮೇಲೊಂದು ಸಾಲು: ‘ಪ್ಲೀಸ್ ಡು ನಾಟ್ ರಿಮೂವ್’. ಬರೆದವರ ಹೆಸರಿನ ಜಾಗದಲ್ಲಿ ನನ್ನ ಧಾರವಾಡದ ಗೆಳೆಯ.

ವಾಟ್ಸ್‌ಆ್ಯಪಿನಲ್ಲಿ ಕರೆದೆ. ಅಲ್ಲಿ ಬೆಳಗಿನ ಹೊತ್ತು, ಮಗಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದ.

“ಏನಂದಿ? ಅದಿನ್ನೂ ಐತೇನಲೇ?”

“ಇದೆ. ಯಾಕೆ ಹಾಕಿದ್ದೆ?”

“ಮೆಸೇಜ್ ಕ್ಯೂದ ಮಷೀನು ಹಳೇದಿತ್ತಲ್ಲೋ. ಯುಪಿಎಸ್ ಕೈ ಕೊಟ್ಟು ಕರೆಂಟ್ ಹೋಗಿ ಬಂತಂದ್ರ ಎರಡೂ ಕೂಡೇ ಏಳ್ತಿದ್ದುವು. ನಮ್ದು ಮೊದಲ ಎದ್ದು ಅದರ ಬಾಗಿಲಾ ಬಡದು, ಯಾರೂ ತಗೀಲಿಲ್ಲಂತ ಬಿದ್ದ್ ಹೋಗ್ತಿತ್ತು. ಅದಕ್ಕ ನಮ್ದಕ್ಕ, ತಡಿ, ಅದು ಏಳಲಿ ಅಂತ ಹೇಳಿದ್ದೆ.” ಸ್ವಲ್ಪ ತಡೆದು ಕೇಳಿದ: “ಆ ಮಷೀನು ಈಗ ಎಲ್ಲೈತಿ?”

“ಇಲ್ಲ. ತೆಗೆದು ಬಹಳ ವರ್ಷ ಆಯ್ತು.”

“ಹಂಗಾರ ಇದು ಯಾರ ಸಲುವಾಗಿ ಕಾಯಾಕತ್ತೈತಿ?”

ನನ್ನಲ್ಲಿ ಉತ್ತರ ಇರಲಿಲ್ಲ. ಅವನೂ ಉತ್ತರಕ್ಕೆ ಕಾಯಲಿಲ್ಲ. ಟೀ ಅಂಗಡಿಯವನು ಇದ್ದಾನೇನು ಎಂದು ಕೇಳಿದ. ಅಲ್ಲೀಗ ಮೊಬೈಲ್ ಕವರಿನ ಅಂಗಡಿ ಬಂದಿದೆ ಎಂದೆ. ಆಮೇಲೆ ಬಹಳ ಹೊತ್ತು ಮಾತಾಡಿದೆವು. ಸಾಲು ತೆಗೆದುಹಾಕಿದೆ. ಅದು ಒಂದೇ ಸಾಲು, ಆದರೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಉಳಿಸಿದ ಸಾಲುಗಳಲ್ಲಿ ಅದೂ ಒಂದು. ಮ್ಯಾನೇಜರುಗಳಿಗೆ ತೋರಿಸುವ ಸ್ಲೈಡಿನಲ್ಲಿ ಅದನ್ನು ‘ಅನಗತ್ಯ ಕಾಯುವಿಕೆಯ ನಿವಾರಣೆ’ ಎಂದು ಬರೆದೆ.

ಮಿಕ್ಕದ್ದೆಲ್ಲ ನಮ್ಮವರದ್ದೇ. ಪ್ರತಿಯೊಬ್ಬರೂ ಯಾವುದೋ ಕಾಲದಲ್ಲಿ ಯಾವುದೋ ಗಿರಾಕಿಯಿಂದ ‘ತುಂಬಾ ನಿಧಾನ’ ಎಂದು ಬೈಸಿಕೊಂಡು, ಇನ್ನು ಮುಂದೆ ಹೀಗಾಗಬಾರದೆಂದು ಏನನ್ನೋ ಮುಂಚಿತವಾಗಿ ತುಂಬಿಸಿಟ್ಟಿದ್ದರು. ಒಬ್ಬರು ದೇಶದ 19,000ಕ್ಕೂ ಹೆಚ್ಚು ಪಿನ್‌ಕೋಡುಗಳನ್ನು ತುಂಬಿಸಿದ್ದರು. ಇನ್ನೊಬ್ಬರು ವ್ಯಾಟ್ ದರಗಳ ಕೋಷ್ಟಕವನ್ನು ತುಂಬಿಸಿದ್ದರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ವ್ಯಾಟು ಬಹುಪಾಲು ಹೋದದ್ದು ಅವರ ಕ್ಲಾಸಿಗೆ ಯಾರೂ ತಿಳಿಸಿರಲಿಲ್ಲ. ಮೂರನೆಯವರು, ರಜಾದಿನಗಳ ಪಟ್ಟಿಯನ್ನು ಕಳೆದ ಶತಮಾನದಿಂದ ಹಿಡಿದು. ಹೆಸರುಗಳನ್ನು ನೋಡುತ್ತ ಹೋದೆ. ಇವರು ಮದುವೆಗೆ ಕರೆದಿದ್ದರು, ಇವರು ಕೋವಿಡ್‌ನಲ್ಲಿ ತೀರಿಕೊಂಡರು, ಇವರು ತೋಟ ಮಾಡುತ್ತೇನೆಂದು ತೀರ್ಥಹಳ್ಳಿಯ ಕಡೆ ಹೋದರು. ತಾವು ಹೋದ ಮೇಲೂ ಇವರೆಲ್ಲ ಪ್ರತಿ ಮುಂಜಾನೆ ಸರ್ವರಿನೊಂದಿಗೆ ಎದ್ದು, ಬಾರದ ಗಿರಾಕಿಯಿಂದ ಬೈಸಿಕೊಳ್ಳಬಾರದೆಂದು ಸಿದ್ಧವಾಗಿ ನಿಲ್ಲುತ್ತಿದ್ದರು. ‘ಬೇಕಾದಾಗ ತುಂಬಿಸು’ ಎಂದು ಒಬ್ಬೊಬ್ಬರ ಕ್ಲಾಸಿಗೂ ಸೋಮಾರಿತನ ಕಲಿಸಿದೆ. ಸೋಮಾರಿತನವೇ ಇಲ್ಲಿ ಪಾರಿಭಾಷಿಕ ಪದ, ಬೈಗುಳವಲ್ಲ. ಅದರ ಖರ್ಚೇನೂ ಮಾಯವಾಗುವುದಿಲ್ಲ, ಮೊದಲ ಗಿರಾಕಿಯ ತಲೆಗೆ ಹೋಗುತ್ತದೆ. ಆದರೆ ಮೊದಲ ಗಿರಾಕಿ ಒಬ್ಬನೇ, ಅವನ ದೂರು ಸ್ಲೈಡಿನವರೆಗೆ ತಲುಪುವುದಿಲ್ಲ.

ಜಗತ್ತೂ ಇದೇ ದಿಕ್ಕಿನಲ್ಲಿ ನಡೆದಿತ್ತು. ಜೆಬಾಸ್ 2011ರಲ್ಲೇ ತನ್ನ ಏಳನೆಯ ಆವೃತ್ತಿಯಲ್ಲಿ, ಒಂದರ ಹಿಂದೆ ಒಂದು ಏಳುತ್ತಿದ್ದ ಸೇವೆಗಳನ್ನು ಜೊತೆಜೊತೆಗೆ ಏಳಿಸಿ, ನಿಮಿಷದ ಮಾತನ್ನು ಸೆಕೆಂಡಿಗೆ ಇಳಿಸಿತ್ತು. 2019ರಲ್ಲಿ ಕ್ವಾರ್ಕಸ್ ಎಂಬ ಜಾವಾ ಚೌಕಟ್ಟು ಬಂತು. ಅದನ್ನು ಗ್ರಾಲ್‌ವಿಎಮ್ ಎಂಬ ಸಾಧನದ ಜೊತೆ ಸೇರಿಸಿ ಜಾವಾವನ್ನು ಮೊದಲೇ ಪೂರ್ತಿ ಯಂತ್ರಭಾಷೆಗೆ ಇಳಿಸಿದರೆ ಸೆಕೆಂಡೂ ಬೇಡ, ಮಿಲಿಸೆಕೆಂಡು ಸಾಕು. ಆದರೆ ಹಾಗೆ ಇಳಿಸುವುದಕ್ಕೇ ಹಲವು ನಿಮಿಷ ಹಿಡಿಯುತ್ತದೆ, ಕಂಪ್ಯೂಟರಿನ ಫ್ಯಾನು ಬೊಬ್ಬೆ ಹೊಡೆಯುತ್ತದೆ. ಪೂರ್ವರಂಗ ಎಲ್ಲಿಗೂ ಹೋಗಿಲ್ಲ, ರಂಗಸ್ಥಳದಿಂದ ಎತ್ತಿ ಚೌಕಿಯೊಳಗೆ ಮುಗಿಸುತ್ತಿದ್ದಾರೆ. ನಮ್ಮ ಕಡೆ ಅನೇಕ ಮೇಳಗಳು ಈಗ ಕಾಲಮಿತಿಗೆ ಬಂದಿವೆ. ಸಂಜೆ ಶುರು, ನಡುರಾತ್ರಿಯ ಸುಮಾರಿಗೆ ಮಂಗಳ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಅನುಕೂಲ, ನನಗೂ ಅನುಕೂಲ. ಕೋಡಂಗಿಯನ್ನು ಮಾತ್ರ ನೋಡಿ ಎಷ್ಟೋ ಕಾಲವಾಯಿತು.

ನಮ್ಮ ಸರ್ವರ್ ಈಗ ಎರಡು ಸೆಕೆಂಡಿನಲ್ಲಿ ಏಳುತ್ತದೆ. ಲಾಗು ಯಾರ ಪರದೆಯ ಮೇಲೂ ಉರುಳುವುದಿಲ್ಲ, ಹುಟ್ಟಿದ ಕೂಡಲೇ ದೂರದ ಯಾವುದೋ ಉಗ್ರಾಣಕ್ಕೆ ಹೋಗುತ್ತದೆ. ಉರುಳಿದರೂ ಎರಡು ಸೆಕೆಂಡಿನಲ್ಲಿ ಯಾರು ಏನು ಕಲಿಯುತ್ತಾರೆ? ಹೊಸದಾಗಿ ಸೇರುವ ಮಕ್ಕಳಿಗೆ ಸಿಸ್ಟಮ್ಮಿನ ಪರಿಚಯ ಮಾಡಿಕೊಡಲು ಈಗ ವಿಡಿಯೊಗಳಿವೆ. ಕೊನೆಗೊಂದು ಕ್ವಿಜ್ಜು ಇರುತ್ತದೆ, ಎಲ್ಲರೂ ಪಾಸಾಗುತ್ತಾರೆ. ಬಡ್ಡಿಯ ಮಾಡ್ಯೂಲಿಗೆ ರಜಾದಿನಗಳ ಪಟ್ಟಿ ಯಾಕೆ ಬೇಕು ಎಂದು ಯಾರನ್ನಾದರೂ ಕೇಳಿ ನೋಡಬೇಕು ಅನ್ನಿಸುತ್ತದೆ, ಆದರೆ ಹಾಗೆ ಕೇಳುವ ಹಿರಿಯರನ್ನು ನಾನೇ ಆಗ ಎಷ್ಟು ಸಹಿಸಿದ್ದೆ ಎಂಬುದು ನೆನಪಿದೆ.

ಮೊನ್ನೆ ಹೊಸದಾಗಿ ಸೇರಿದ ಹಾಸನದ ಹುಡುಗಿಯೊಬ್ಬಳು ಊಟದ ಹೊತ್ತು ಮುಗಿಯುತ್ತ ಬಂದಾಗ ಲ್ಯಾಪ್‌ಟಾಪು ತೆರೆದುಕೊಂಡೇ ಕ್ಯಾಂಟೀನಿಗೆ ಬಂದಳು. ಮುಖದಲ್ಲಿ ದೂರು ಇತ್ತು.

“ಸರ್, ಬೇಜಾರು ಮಾಡ್ಕೋಬೇಡಿ. ನಮ್ಮ ಸರ್ವರ್ ಏಳೋಕೆ ಎರಡು ಸೆಕೆಂಡ್ ಯಾಕೆ ತಗೊಳ್ಳುತ್ತೆ? ತುಂಬಾ ಸ್ಲೋ ಅಲ್ವಾ?”

ನಾನು ಕುಡಿಯುತ್ತಿದ್ದ ಮಜ್ಜಿಗೆ ನೆತ್ತಿಗೇರಿತು. ಅವಳು ಯಾರೂ ಹೇಳದೆ ತಾನೇ ಫ್ಲೈಟ್ ರೆಕಾರ್ಡರ್ ಹಾಕಿ, ಆ ಎರಡು ಸೆಕೆಂಡುಗಳನ್ನು ಕ್ಷಣಕ್ಷಣವಾಗಿ ಬಿಡಿಸಿ, ಹೆಜ್ಜೆಗಳನ್ನು ಸಾಲಾಗಿ ಜೋಡಿಸಿಕೊಂಡು ಬಂದಿದ್ದಳು. ಮೊದಲ ಗೆರೆಯ ಮೇಲೆ ಬೆರಳಿಟ್ಟು, “ಇದೇನು ಸರ್?” ಎಂದಳು. ಹೇಳಿದೆ. “ಮತ್ತೆ ಇದು ಅದಕ್ಕಿಂತ ಮುಂಚೆ ಯಾಕೆ ಬರಬೇಕು?” ಅದನ್ನು ಹೇಳಬೇಕಾದರೆ ಗ್ರಾಹಕರ ಮಾಡ್ಯೂಲಿನ ಇತಿಹಾಸ ಹೇಳಬೇಕು. ಹೇಳಿದೆ. ಅದರ ಪಕ್ಕದ್ದಕ್ಕೆ ಧಾರವಾಡದವನ ಕತೆ ಬೇಕಾಯಿತು. “ಅಯ್ಯೋ, ಇಲ್ದೇ ಇರೋ ಮಷೀನಿಗೆ ಕಾಯ್ತಿತ್ತಾ ಸರ್?” ಎಂದು ನಕ್ಕಳು. ಇನ್ನೂ ಇಬ್ಬರು ತಟ್ಟೆ ಹಿಡಿದುಕೊಂಡೇ ಬಂದು ಕೂತರು. ಬಡ್ಡಿಯ ಗೆರೆ ಬಂದಾಗ ಅವಳೇ ಕೇಳಿದಳು: “ಸರ್, ಇದಕ್ಕೆ ರಜಾದಿನಗಳ ಪಟ್ಟಿ ಯಾಕೆ?”

ಕ್ಯಾಂಟೀನಿನವರು ಎರಡು ಸಲ ಬಂದು ಟೇಬಲ್ ಒರೆಸಬೇಕು ಎಂದು ಸೂಚಿಸಿ ಹೋದರು. ಮೂರನೆಯ ಸಲ ಸೂಚಿಸಲಿಲ್ಲ, ನೇರ ದೀಪ ಆರಿಸಿ, “ಸರ್, ಇನ್ನು ಟೀ ಟೈಮಿಗೇ ಓಪನ್ನು” ಎಂದರು. ನಾವಿನ್ನೂ ಮೊದಲ ಮುಕ್ಕಾಲು ಸೆಕೆಂಡಿನಲ್ಲೇ ಇದ್ದೆವು.